ದುಡಿಯುವ ವಯಸ್ಸಿನಲ್ಲೇ ಹೆಬ್ಬೆರಳ ಕೀಲು ಸವೆದರೆ: ಶಸ್ತ್ರಚಿಕಿತ್ಸೆಯ ಆಯ್ಕೆ ಹೇಗೆ?

ಬೀಗದಲ್ಲಿ ಕೀಲಿ ತಿರುಗಿಸುವುದು, ಬಾಟಲಿಯ ಮುಚ್ಚಳ ತೆರೆಯುವುದು, ಒದ್ದೆ ಬಟ್ಟೆ ಹಿಂಡುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು. ಇವನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಹೆಬ್ಬೆರಳಿನ ಬುಡದ ಕೀಲಿನಲ್ಲಿ ಸವೆತ ಆರಂಭವಾದವರಿಗೆ ಮಾತ್ರ ಇವೇ ದಿನದ ಕಷ್ಟದ ಕೆಲಸಗಳಾಗಿಬಿಡುತ್ತವೆ. ಕೈಯಲ್ಲಿ ಹಿಡಿದ ಲೋಟ ಜಾರುತ್ತದೆ, ಚಿವುಟಿ ಹಿಡಿಯುವ ಶಕ್ತಿ ಕುಂದುತ್ತದೆ, ರಾತ್ರಿ ಮಲಗಿದಾಗಲೂ ಮಣಿಕಟ್ಟಿನ ಮೇಲ್ಭಾಗದಲ್ಲಿ ಮಂದವಾದ ನೋವು ಕಾಡುತ್ತದೆ.

ಹೆಬ್ಬೆರಳ ಸಂಧಿವಾತ ಸಾಮಾನ್ಯವಾಗಿ ಐವತ್ತು ದಾಟಿದವರ, ಅದರಲ್ಲೂ ಮುಟ್ಟು ನಿಂತ ಮಹಿಳೆಯರ ತೊಂದರೆ. ಆದರೆ ಮೂವತ್ತು, ನಲವತ್ತರ ಆಸುಪಾಸಿನಲ್ಲಿರುವವರನ್ನೂ ಅದು ಬಿಟ್ಟಿಲ್ಲ. ಇಂಥವರ ಚಿಕಿತ್ಸೆ ವೈದ್ಯರಿಗೂ ಸವಾಲಿನ ವಿಷಯ. ಎಪ್ಪತ್ತರ ಅಜ್ಜಿಗೆ ನೋವು ಹೋದರೆ ಸಾಕು. ಮೂವತ್ತೈದರ ದರ್ಜಿಗೆ, ಬಡಗಿಗೆ, ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆಗೆ, ದಿನವಿಡೀ ಕೈಬೆರಳುಗಳಿಂದಲೇ ಒತ್ತಿ ಚಿಕಿತ್ಸೆ ನೀಡುವ ಫಿಸಿಯೋಥೆರಪಿಸ್ಟ್‌ಗೆ ನೋವೂ ಹೋಗಬೇಕು, ಶಕ್ತಿಯೂ ಉಳಿಯಬೇಕು. ಅಷ್ಟೇ ಅಲ್ಲದೆ ಇನ್ನೂ ಇಪ್ಪತ್ತೈದು, ಮೂವತ್ತು ವರ್ಷ ಆ ಕೈ ದುಡಿಯಬೇಕು. ಆದ್ದರಿಂದ ಇಂದು ಮಾಡುವ ಶಸ್ತ್ರಚಿಕಿತ್ಸೆಯು ಮುಂದೆ ಬೇಕಾಗಬಹುದಾದ ಮತ್ತೊಂದು ಚಿಕಿತ್ಸೆಗೆ ದಾರಿ ಉಳಿಸುತ್ತದೆಯೇ ಎಂಬ ಪ್ರಶ್ನೆ ಇವರ ಮಟ್ಟಿಗೆ ಅತ್ಯಂತ ಮುಖ್ಯವಾದುದು.

ಹೆಬ್ಬೆರಳಿನ ಬೆಲೆ ಎಷ್ಟೆಂಬುದನ್ನು ನಮ್ಮ ಕಾನೂನು ಎಂದೋ ಲೆಕ್ಕ ಹಾಕಿದೆ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಮೊದಲ ಅನುಸೂಚಿಯು ತೋರುಬೆರಳನ್ನು ಪೂರ್ತಿ ಕಳೆದುಕೊಂಡರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 14ರಷ್ಟು ನಷ್ಟವೆಂದು ನಿಗದಿಪಡಿಸಿದ್ದರೆ, ಹೆಬ್ಬೆರಳಿಗೆ ಶೇ. 30ರಷ್ಟು ನಷ್ಟವೆಂದು ನಿಗದಿಪಡಿಸಿತ್ತು. ಉಳಿದ ನಾಲ್ಕು ಬೆರಳುಗಳಿಗೆ ಎದುರಾಗಿ ನಿಂತು ವಸ್ತುವನ್ನು ಹಿಡಿಯುವ ಬೆರಳು ಅದೊಂದೇ ಆಗಿರುವುದು ಇದಕ್ಕೆ ಕಾರಣ.

ಜೀನಿನಂಥ ಕೀಲು

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಅವುಗಳಲ್ಲಿ ಹೆಬ್ಬೆರಳಿನ ಬದಿಗಿರುವುದು ಟ್ರಪೀಜಿಯಂ. ಇದರ ಮೇಲೆ ಹೆಬ್ಬೆರಳಿನ ಅಂಗೈ ಮೂಳೆ ಕುಳಿತಿರುತ್ತದೆ. ಎರಡೂ ಮೂಳೆಗಳ ಮುಖ ಕುದುರೆಯ ಜೀನಿನಂತೆ ಒಂದು ದಿಕ್ಕಿನಲ್ಲಿ ತಗ್ಗಾಗಿ, ಇನ್ನೊಂದು ದಿಕ್ಕಿನಲ್ಲಿ ಉಬ್ಬಾಗಿರುತ್ತದೆ. ಒಂದು ಜೀನಿನ ಮೇಲೆ ಇನ್ನೊಂದನ್ನು ಅಡ್ಡಲಾಗಿ ಬೋರಲು ಹಾಕಿದಂತೆ ಇವು ಪರಸ್ಪರ ಕೂಡಿಕೊಳ್ಳುತ್ತವೆ. ಹೆಬ್ಬೆರಳು ಮುಂದೆ, ಹಿಂದೆ, ಪಕ್ಕಕ್ಕೆ ಚಲಿಸಿ ಕಿರುಬೆರಳಿನ ತುದಿಯನ್ನೂ ಮುಟ್ಟಲು ಸಾಧ್ಯವಾಗುವುದು ಈ ರಚನೆಯಿಂದಲೇ.

ಆದರೆ ಈ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಬಟ್ಟಲಿನೊಳಗೆ ಭದ್ರವಾಗಿ ಕುಳಿತಿರುತ್ತದೆ. ಹೆಬ್ಬೆರಳ ಬುಡದಲ್ಲಿ ಅಂಥ ಬಟ್ಟಲಿಲ್ಲ. ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಲಿಗಮೆಂಟ್ ಎಂಬ ಕಟ್ಟುನಾರುಗಳೇ ಅದಕ್ಕೆ ಮುಖ್ಯ ಆಸರೆ. ಆ ನಾರುಗಳು ಸಡಿಲಗೊಂಡರೆ ಅಂಗೈ ಮೂಳೆ ತನ್ನ ನೆಲೆಯಿಂದ ಸ್ವಲ್ಪಸ್ವಲ್ಪವೇ ಜಾರಿ, ಮೂಳೆಗಳ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿ ಉಜ್ಜಿ ಸವೆಯತೊಡಗುತ್ತದೆ.

ಈ ಕೀಲಿನ ಮೇಲೆ ಬೀಳುವ ಒತ್ತಡವೂ ಅಸಾಧಾರಣವಾದುದು. ಅಮೆರಿಕದ ಸಂಶೋಧಕರಾದ ಕೂನಿ ಮತ್ತು ಚಾವ್ 1977ರಲ್ಲಿ ಮಾಡಿದ ಲೆಕ್ಕಾಚಾರದ ಪ್ರಕಾರ, ಬೆರಳ ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿ ಹಿಡಿದಾಗ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋದಷ್ಟು ಒತ್ತಡ ಬೀಳುತ್ತದೆ. ಬಲವಾಗಿ ಮುಷ್ಟಿ ಹಿಡಿದಾಗ ಅದು 120 ಕಿಲೋವರೆಗೂ ಏರಬಲ್ಲದು. ಕತ್ತರಿ, ಸ್ಕ್ರೂಡ್ರೈವರ್, ಕುಡುಗೋಲು ಹಿಡಿದು ದುಡಿಯುವವರ ಕೀಲು ದಿನಕ್ಕೆ ಸಾವಿರಾರು ಬಾರಿ ಇಂಥ ಒತ್ತಡವನ್ನು ತಾಳಿಕೊಳ್ಳಬೇಕು.

ಚಿಕ್ಕ ವಯಸ್ಸಿನಲ್ಲೇ ಏಕೆ?

ಕಿರಿಯರಲ್ಲಿ ಈ ಸವೆತಕ್ಕೆ ಮುಖ್ಯವಾಗಿ ಎರಡು ಕಾರಣಗಳನ್ನು ಗುರುತಿಸಲಾಗುತ್ತದೆ. ಮೊದಲನೆಯದು ಹುಟ್ಟಿನಿಂದಲೇ ಬಂದ ಸಡಿಲ ಕಟ್ಟುನಾರು. ಬೆರಳುಗಳನ್ನು ಹಿಂದಕ್ಕೆ ಅತಿಯಾಗಿ ಬಾಗಿಸಬಲ್ಲವರು, ಹೆಬ್ಬೆರಳನ್ನು ಮುಂಗೈಗೆ ತಾಗಿಸಬಲ್ಲವರು ಈ ಗುಂಪಿಗೆ ಸೇರುತ್ತಾರೆ. ಬಾಲ್ಯದಲ್ಲಿ ಗೆಳೆಯರ ಮುಂದೆ ಚಮತ್ಕಾರವಾಗಿ ತೋರಿಸಿದ್ದು ಮುಂದೆ ಕೆಲವರಿಗೆ ತೊಂದರೆಯಾಗಿ ಪರಿಣಮಿಸುತ್ತದೆ.

ಎರಡನೆಯದು ಹಳೆಯ ಪೆಟ್ಟು. ದ್ವಿಚಕ್ರ ವಾಹನದಿಂದ ಕೈಯೂರಿ ಬಿದ್ದಾಗ, ಕ್ರಿಕೆಟ್ ಚೆಂಡು ಹೆಬ್ಬೆರಳ ತುದಿಗೆ ಬಡಿದಾಗ ಅಥವಾ ಗುದ್ದಾಟದಲ್ಲಿ ಅಂಗೈ ಮೂಳೆಯ ಬುಡ ಕೀಲಿನೊಳಗೇ ಮುರಿಯಬಹುದು. ಡಬ್ಲಿನ್‌ನ ಶಸ್ತ್ರವೈದ್ಯ ಎಡ್ವರ್ಡ್ ಬೆನೆಟ್ 1882ರಲ್ಲಿ ವಿವರಿಸಿದ ಈ ಮುರಿತ ಇಂದಿಗೂ ಅವರ ಹೆಸರಿನಲ್ಲೇ ಪ್ರಸಿದ್ಧ. ಇದರಲ್ಲಿ ಮೂಳೆಯ ಸಣ್ಣ ಚೂರೊಂದು ಕಟ್ಟುನಾರಿಗೆ ಅಂಟಿಕೊಂಡು ತನ್ನ ಜಾಗದಲ್ಲೇ ಉಳಿಯುತ್ತದೆ, ಉಳಿದ ಭಾಗವನ್ನು ಸ್ನಾಯುಗಳು ಬೇರೆಡೆಗೆ ಎಳೆದೊಯ್ಯುತ್ತವೆ. ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿ ಪಟ್ಟು ಕಟ್ಟಿಸಿಕೊಂಡು ಸುಮ್ಮನಾದರೆ ಕೀಲಿನ ಮುಖ ಏರುಪೇರಾಗಿಯೇ ಕೂಡಿಕೊಳ್ಳುತ್ತದೆ. ಅದರ ಫಲ ಸವೆತದ ರೂಪದಲ್ಲಿ ವರ್ಷಗಳ ಬಳಿಕ ಕಾಣಿಸಿಕೊಳ್ಳಬಹುದು. ರುಮಟಾಯ್ಡ್ ಸಂಧಿವಾತದಂಥ ಉರಿಯೂತದ ರೋಗಗಳೂ ಈ ಕೀಲನ್ನು ಕೆಡಿಸಬಲ್ಲವು. ಆದರೆ ಅವುಗಳ ಚಿಕಿತ್ಸೆಯ ಹಾದಿಯೇ ಬೇರೆ.

ರೋಗ ನಿರ್ಧಾರದಲ್ಲಿ ಎಚ್ಚರ

ಹೆಬ್ಬೆರಳ ಬದಿಯ ನೋವೆಲ್ಲ ಸಂಧಿವಾತವಲ್ಲ. ಮಣಿಕಟ್ಟಿನ ಅಂಚಿನಲ್ಲಿ ಸ್ನಾಯುರಜ್ಜುಗಳ ಕೋಶ ಉರಿಗೊಳ್ಳುವ ಡಿ ಕರ್ವೇನ್ ತೊಂದರೆಯು ಎಳೆಗೂಸನ್ನು ಎತ್ತಿ ಆಡಿಸುವ ತಾಯಂದಿರಲ್ಲಿ ಸಾಮಾನ್ಯ. ಮಣಿಕಟ್ಟಿನ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆಯಲ್ಲಿ ನೋವಿನ ಜತೆಗೆ ಜೋಮು ಹಿಡಿಯುತ್ತದೆ. ವೈದ್ಯರು ಹೆಬ್ಬೆರಳಿನ ಅಂಗೈ ಮೂಳೆಯನ್ನು ಒತ್ತಿ ಹಿಡಿದು ಬೀಸುಕಲ್ಲಿನಂತೆ ತಿರುಗಿಸಿ ನೋಡುತ್ತಾರೆ. ಬುಡದಲ್ಲಿ ಕಟಕಟ ಸದ್ದಿನೊಂದಿಗೆ ನೋವು ಮರುಕಳಿಸಿದರೆ ಸವೆತದ ಶಂಕೆ ಬಲವಾಗುತ್ತದೆ.

ಅನಂತರ ಎಕ್ಸ್-ರೇ. ಅಮೆರಿಕದ ಕೈ ಶಸ್ತ್ರತಜ್ಞರಾದ ಈಟನ್ ಮತ್ತು ಲಿಟ್ಲರ್ ಅವರ ಹೆಸರಿನ ವರ್ಗೀಕರಣ ಸವೆತವನ್ನು ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ. ಮೊದಲ ಹಂತದಲ್ಲಿ ಕೀಲು ಬಹುತೇಕ ಸರಿಯಾಗಿಯೇ ಕಾಣುತ್ತದೆ. ಎರಡನೆಯದರಲ್ಲಿ ಮೂಳೆಗಳ ನಡುವಿನ ಅಂತರ ಕೊಂಚ ಕಿರಿದಾಗಿ, 2 ಮಿಲಿಮೀಟರ್‌ಗಿಂತ ಚಿಕ್ಕದಾದ ಮೂಳೆಚೂರುಗಳು ತೋರುತ್ತವೆ. ಮೂರನೆಯದರಲ್ಲಿ ಅಂತರ ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ. ನಾಲ್ಕನೆಯದರಲ್ಲಿ ಟ್ರಪೀಜಿಯಂನ ಇನ್ನೊಂದು ಬದಿಯ ಕೀಲೂ ಸವೆದಿರುತ್ತದೆ. ಆದರೆ ಚಿತ್ರಕ್ಕೂ ನೋವಿಗೂ ಯಾವಾಗಲೂ ತಾಳೆಯಾಗಬೇಕೆಂದಿಲ್ಲ. ಎಕ್ಸ್-ರೇಯಲ್ಲಿ ಕೀಲು ಪೂರ್ತಿ ಸವೆದಿದ್ದರೂ ನೋವಿಲ್ಲದೆ ಕೆಲಸ ಮಾಡುವವರಿದ್ದಾರೆ. ಚಿತ್ರವೊಂದನ್ನೇ ನೋಡಿ ಶಸ್ತ್ರಚಿಕಿತ್ಸೆ ನಿರ್ಧರಿಸುವುದು ಸರಿಯಲ್ಲ ಎನ್ನುವುದು ಈ ಕಾರಣಕ್ಕೆ.

ಮೊದಲ ಮದ್ದು ಚಾಕುವಲ್ಲ

ಯಾವ ವಯಸ್ಸಿನವರಿಗಾದರೂ ಮೊದಲ ಕೆಲವು ತಿಂಗಳು ಶಸ್ತ್ರಚಿಕಿತ್ಸೆಯಿಲ್ಲದ ಉಪಾಯಗಳನ್ನೇ ಅನುಸರಿಸಬೇಕು. ಹೆಬ್ಬೆರಳ ಬುಡಕ್ಕೆ ಆಸರೆ ನೀಡುವ ಸ್ಪ್ಲಿಂಟ್, ಕೀಲನ್ನು ನೆಲೆಯಲ್ಲಿ ಹಿಡಿದಿಡುವ ಸ್ನಾಯುಗಳಿಗೆ ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮ, ನೋವುನಿವಾರಕ ಮುಲಾಮು ಅಥವಾ ಮಾತ್ರೆ ಇವುಗಳಲ್ಲಿ ಮುಖ್ಯವಾದವು. ಉಪಕರಣಗಳ ಹಿಡಿಕೆಯನ್ನು ದಪ್ಪ ಮಾಡಿಕೊಳ್ಳುವುದರಿಂದ, ಚಿವುಟಿ ಹಿಡಿಯುವ ಬದಲು ಇಡೀ ಅಂಗೈ ಬಳಸುವುದರಿಂದಲೂ ಒತ್ತಡ ತಗ್ಗುತ್ತದೆ. ಸ್ಟಿರಾಯ್ಡ್ ಚುಚ್ಚುಮದ್ದು ಕೆಲವರಿಗೆ ವಾರಗಳ, ತಿಂಗಳುಗಳ ಮಟ್ಟಿಗೆ ನೆಮ್ಮದಿ ನೀಡುತ್ತದೆ. ಆದರೆ ಅದು ಶಾಶ್ವತ ಪರಿಹಾರವಲ್ಲ, ಪದೇ ಪದೇ ಹಾಕಿಸಿಕೊಳ್ಳುವುದೂ ಹಿತವಲ್ಲ. ಸ್ಪ್ಲಿಂಟ್ ಮತ್ತು ವ್ಯಾಯಾಮವನ್ನು ಶ್ರದ್ಧೆಯಿಂದ ಮಾಡಿದವರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ.

ಇಷ್ಟೆಲ್ಲ ಮಾಡಿಯೂ ನೋವು ದುಡಿಮೆಗೆ ಅಡ್ಡಿಯಾದಾಗ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಕೀಲನ್ನು ಉಳಿಸುವ ದಾರಿಗಳು

ಸವೆತ ಆರಂಭದ ಹಂತದಲ್ಲಿದ್ದರೆ ಕೀಲನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಕಿರಿಯರ ಚಿಕಿತ್ಸೆಯಲ್ಲಿ ಇವುಗಳಿಗೇ ಮೊದಲ ಪ್ರಾಶಸ್ತ್ಯ.

ಮೃದ್ವಸ್ಥಿ ಇನ್ನೂ ಚೆನ್ನಾಗಿದ್ದು ಕಟ್ಟುನಾರು ಮಾತ್ರ ಸಡಿಲವಾಗಿದ್ದರೆ ಅದನ್ನು ಹೊಸದಾಗಿ ಕಟ್ಟಬಹುದು. ಈಟನ್ ಮತ್ತು ಲಿಟ್ಲರ್ 1973ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಮಣಿಕಟ್ಟನ್ನು ಬಾಗಿಸುವ ಸ್ನಾಯುರಜ್ಜುವೊಂದರ ಸೀಳನ್ನು ಅಂಗೈ ಮೂಳೆಯ ಬುಡದಲ್ಲಿ ಕೊರೆದ ರಂಧ್ರದ ಮೂಲಕ ಹಾಯಿಸಿ ಕೀಲನ್ನು ಬಿಗಿಯಲಾಗುತ್ತದೆ. ಹೀಗೆ ಚಿಕಿತ್ಸೆ ಪಡೆದವರನ್ನು ಸರಾಸರಿ 15 ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 2000ದಲ್ಲಿ ಪ್ರಕಟವಾಯಿತು. ಎಕ್ಸ್-ರೇಯಲ್ಲಿ ಸವೆತ ಕಾಣಿಸಿಕೊಂಡ ಹೆಬ್ಬೆರಳುಗಳು ಕೆಲವೇ ಆಗಿದ್ದವು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದಾದರೂ ಇದು ಭರವಸೆ ತರುವ ಸಂಗತಿಯೇ.

ಎರಡನೆಯದು ಮೂಳೆಯ ಕೋನ ಬದಲಿಸುವ ಶಸ್ತ್ರಚಿಕಿತ್ಸೆ. ಈ ಕೀಲಿನ ಸವೆತ ಸಾಮಾನ್ಯವಾಗಿ ಅಂಗೈ ಕಡೆಯ ಭಾಗದಲ್ಲಿ ಆರಂಭವಾಗುತ್ತದೆ, ಹಿಂಗೈ ಕಡೆಯ ಮೃದ್ವಸ್ಥಿ ಬಹುಕಾಲ ಹಾಗೆಯೇ ಉಳಿದಿರುತ್ತದೆ. ಅಂಗೈ ಮೂಳೆಯ ಬುಡದಿಂದ ಸುಮಾರು 30 ಡಿಗ್ರಿಯಷ್ಟು ಬೆಣೆಯಾಕಾರದ ತುಂಡನ್ನು ತೆಗೆದು ಮತ್ತೆ ಕೂಡಿಸಿದರೆ ಒತ್ತಡ ಸವೆದ ಜಾಗದಿಂದ ಸರಿದು ಆರೋಗ್ಯವಾಗಿರುವ ಜಾಗದ ಮೇಲೆ ಬೀಳುತ್ತದೆ. ಒಂದೇ ಬದಿ ಸವೆದ ಚಕ್ರವನ್ನು ತುಸು ವಾಲಿಸಿ ಓಡಿಸಿದಂತೆ. ವಿಲ್ಸನ್ 1973ರಲ್ಲಿ ವಿವರಿಸಿದ ಈ ವಿಧಾನ ಒಂದು ಮತ್ತು ಎರಡನೇ ಹಂತದವರಿಗೆ ಹೊಂದುತ್ತದೆ. ಕತ್ತರಿಸಿದ ಮೂಳೆ ಕೂಡಿಕೊಳ್ಳಲು ಸುಮಾರು ಆರು ವಾರ ಬೇಕು. ಇದರ ದೊಡ್ಡ ಗುಣವೆಂದರೆ ಮುಂದೆ ಸವೆತ ಹೆಚ್ಚಾದರೂ ಬೆಸುಗೆ, ಮೂಳೆ ತೆಗೆಯುವಿಕೆ, ಕೃತಕ ಕೀಲು ಎಲ್ಲಕ್ಕೂ ಅವಕಾಶ ಉಳಿದಿರುತ್ತದೆ.

ಇವಲ್ಲದೆ ಸಣ್ಣ ರಂಧ್ರಗಳ ಮೂಲಕ ದೂರದರ್ಶಕ ತೂರಿಸಿ ಕೀಲನ್ನು ಶುಚಿಗೊಳಿಸುವ ಆರ್ತ್ರೋಸ್ಕೋಪಿ 1990ರ ದಶಕದಿಂದ ಬಳಕೆಯಲ್ಲಿದೆ. ನೋವಿನ ಸಂದೇಶ ಒಯ್ಯುವ ಸಣ್ಣ ನರತಂತುಗಳನ್ನಷ್ಟೇ ಕತ್ತರಿಸುವ ವಿಧಾನವೂ ಇದೆ. ಇದು ಸವೆತವನ್ನು ತಡೆಯುವುದಿಲ್ಲ. ಆದರೆ ದೀರ್ಘಕಾಲ ಪಟ್ಟಿ ಹಾಕಿಸಿಕೊಳ್ಳಬೇಕಿಲ್ಲ, ಮುಂದಿನ ದಾರಿಗಳೂ ಮುಚ್ಚುವುದಿಲ್ಲ. ಈ ಎರಡೂ ವಿಧಾನಗಳ ಕುರಿತ ಅಧ್ಯಯನಗಳು ಬಹುಮಟ್ಟಿಗೆ ಸಣ್ಣ ಗುಂಪುಗಳಿಗೆ ಸೀಮಿತ.

ಬೆಸುಗೆ: ಹಳೆಯ ಸೂತ್ರಕ್ಕೆ ಹೊಸ ಪ್ರಶ್ನೆ

ಕೀಲು ಪೂರ್ತಿ ಸವೆದಿದ್ದು, ರೋಗಿ ಯುವ ಶ್ರಮಜೀವಿಯಾಗಿದ್ದರೆ ಎರಡೂ ಮೂಳೆಗಳನ್ನು ಒಂದಾಗಿ ಬೆಸೆದುಬಿಡಬೇಕೆಂಬುದು ದಶಕಗಳ ಕಾಲ ಪಠ್ಯಪುಸ್ತಕದ ಸೂತ್ರವಾಗಿತ್ತು. ಮುಷ್ಟಿ ಕಟ್ಟಿದಾಗ ಹೆಬ್ಬೆರಳು ಇರುವ ಭಂಗಿಯಲ್ಲಿ ಕೀಲನ್ನು ತಂತಿ, ತಿರುಪು ಅಥವಾ ಲೋಹದ ಪಟ್ಟಿಯಿಂದ ಸ್ಥಿರಗೊಳಿಸಲಾಗುತ್ತದೆ. ಮೂಳೆ ಬೆಸೆದರೆ ನೋವು ನಿಲ್ಲುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ಆದರೆ ಆ ಕೀಲಿನ ಚಲನೆ ಎಂದೆಂದಿಗೂ ಹೋಗುತ್ತದೆ. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಲು, ಬಿಗಿಯಾದ ಜೇಬಿಗೆ ಕೈ ಹಾಕಲು ಕಷ್ಟವಾಗುತ್ತದೆ. ಅಕ್ಕಪಕ್ಕದ ಕೀಲುಗಳ ಮೇಲೆ ಹೊರೆ ಹೆಚ್ಚುತ್ತದೆ. ಕೆಲವರಲ್ಲಿ ಮೂಳೆ ಕೂಡಿಕೊಳ್ಳದೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಅರುವತ್ತು ಮೀರದವರಲ್ಲಿ ಬೆಸುಗೆಯನ್ನೂ ಮೂಳೆ ತೆಗೆಯುವ ವಿಧಾನವನ್ನೂ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಬೆಸುಗೆಯವರ ಚಿವುಟುಶಕ್ತಿ ಹೆಚ್ಚಾಗಿತ್ತು. ಮೂಳೆ ತೆಗೆಸಿಕೊಂಡವರಲ್ಲಿ ಚಲನೆ ಉತ್ತಮವಾಗಿತ್ತು. ನೋವು ಶಮನ ಮತ್ತು ತೃಪ್ತಿಯಲ್ಲಿ ದೊಡ್ಡ ಅಂತರವಿರಲಿಲ್ಲ. ತೊಡಕುಗಳು ಮಾತ್ರ ಬೆಸುಗೆಯ ಗುಂಪಿನಲ್ಲಿ ಅಧಿಕವಾಗಿದ್ದವು. ನಲವತ್ತು ದಾಟಿದ ಮಹಿಳೆಯರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದ, 2014ರಲ್ಲಿ ಪ್ರಕಟವಾದ ತುಲನಾತ್ಮಕ ಪ್ರಯೋಗವನ್ನು ಬೆಸುಗೆಯ ಗುಂಪಿನ ತೊಡಕುಗಳ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾಗೆಂದು ಬೆಸುಗೆ ಮೂಲೆಗುಂಪಾಗಿಲ್ಲ. ಭಾರದ ಉಪಕರಣ ಹಿಡಿದು ದುಡಿಯುವವರಿಗೆ ಅದು ಇಂದಿಗೂ ಒಂದು ಆಯ್ಕೆ. ಆದರೆ 'ಯುವಕ, ಶ್ರಮಜೀವಿ. ಆದ್ದರಿಂದ ಬೆಸುಗೆ' ಎಂಬ ಕಣ್ಣುಮುಚ್ಚಿದ ಸೂತ್ರಕ್ಕೆ ಈಗ ಬಲವಿಲ್ಲ.

ಮೂಳೆಯನ್ನೇ ತೆಗೆಯುವುದು

ಸವೆದ ಟ್ರಪೀಜಿಯಂ ಮೂಳೆಯನ್ನೇ ಪೂರ್ತಿ ತೆಗೆದುಬಿಡುವ ವಿಧಾನವನ್ನು ಬ್ರಿಟನ್ನಿನ ಗರ್ವಿಸ್ 1949ರಲ್ಲಿ ವರದಿ ಮಾಡಿದರು. ಉಜ್ಜಲು ಮೂಳೆಯೇ ಇಲ್ಲದ ಮೇಲೆ ನೋವು ಕಡಿಮೆಯಾಗುತ್ತದೆ. ಖಾಲಿ ಜಾಗಕ್ಕೆ ಹೆಬ್ಬೆರಳು ಕುಸಿಯದಿರಲೆಂದು 1986ರಲ್ಲಿ ಬರ್ಟನ್ ಮತ್ತು ಪೆಲೆಗ್ರಿನಿ ಎಂಬ ಅಮೆರಿಕದ ತಜ್ಞರು ಸ್ನಾಯುರಜ್ಜುವಿನಿಂದ ಕಟ್ಟು ರಚಿಸಿ, ಅದರ ಉಳಿದ ಭಾಗವನ್ನು ಸುರುಳಿ ಮಾಡಿ ಆ ಜಾಗದಲ್ಲಿ ತುಂಬುವ ಕ್ರಮವನ್ನು ಪ್ರಚುರಪಡಿಸಿದರು. ಇಂದು ವಯಸ್ಸಾದವರಲ್ಲಿ ಹೆಚ್ಚು ನಡೆಯುವುದು ಇಂಥ ಶಸ್ತ್ರಚಿಕಿತ್ಸೆಗಳೇ.

ಸ್ನಾಯುರಜ್ಜುವಿನ ಈ ಹೆಚ್ಚುವರಿ ಕೆಲಸದಿಂದ ನಿಜಕ್ಕೂ ಲಾಭವಿದೆಯೇ? ಜಗತ್ತಿನ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಸಮೀಕ್ಷೆಯಲ್ಲಿ, ನೋವು ಅಥವಾ ಕೈಯ ಕಾರ್ಯಕ್ಷಮತೆಯ ದೃಷ್ಟಿಯಿಂದ ಒಂದು ವಿಧಾನ ಇನ್ನೊಂದಕ್ಕಿಂತ ಮೇಲೆಂದು ಹೇಳಲು ಸಾಕಷ್ಟು ಆಧಾರ ದೊರೆಯಲಿಲ್ಲ. ಸರಳ ವಿಧಾನವೇ ಅನೇಕರಿಗೆ ಸಾಕಾಗಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಕಿರಿಯರ ವಿಷಯದಲ್ಲಿ ತಜ್ಞರು ಹಿಂಜರಿಯುವುದಕ್ಕೆ ಕಾರಣ ಬೇರೆ. ಒಮ್ಮೆ ತೆಗೆದ ಮೂಳೆಯನ್ನು ಮರಳಿ ಇಡಲಾಗದು. ಹೆಬ್ಬೆರಳು ಕೊಂಚ ಗಿಡ್ಡವಾಗುತ್ತದೆ, ಶಕ್ತಿ ಮರಳಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಮುಂದೆ ಕುಸಿತ ಹೆಚ್ಚಾಗಿ ನೋವು ಮರುಕಳಿಸಿದರೆ ಸರಿಪಡಿಸುವುದು ಕಠಿಣ. ಆದ್ದರಿಂದ ಇದನ್ನು ಕೊನೆಯ ಮೆಟ್ಟಿಲಾಗಿ ಕಾಯ್ದಿರಿಸುವುದು ವಾಡಿಕೆ.

ಕೃತಕ ಕೀಲಿನ ಆಸೆ

ಮೊಣಕಾಲಿಗೆ, ಸೊಂಟಕ್ಕೆ ಕೃತಕ ಕೀಲು ಜೋಡಿಸುವಂತೆ ಹೆಬ್ಬೆರಳಿಗೂ ಜೋಡಿಸಬಹುದು. ಫ್ರಾನ್ಸಿನ ಡಿ ಲಾ ಕಾಫಿನಿಯೇರ್ 1970ರ ದಶಕದ ಆರಂಭದಲ್ಲಿ ಗುಂಡು ಮತ್ತು ಬಟ್ಟಲಿನ ಮಾದರಿಯನ್ನು ರೂಪಿಸಿದರು. ಅಂದಿನ ಕೀಲುಗಳಲ್ಲಿ ಬಟ್ಟಲು ಸಡಿಲಗೊಳ್ಳುವುದು, ಗುಂಡು ಜಾರಿ ಹೊರಬರುವುದು ಸಾಮಾನ್ಯವಾಗಿತ್ತು. ಸಿಲಿಕೋನ್‌ನಿಂದ ಮಾಡಿದ ಕೀಲುಗಳು ಸವೆದು, ಅವುಗಳ ಕಣಗಳಿಂದ ಸುತ್ತಲಿನ ಮೂಳೆಗೇ ಹಾನಿಯಾದ ಉದಾಹರಣೆಗಳೂ ಇವೆ. 2010ರ ದಶಕದಿಂದ ಯುರೋಪಿನಲ್ಲಿ ಹರಡಿದ, ಗುಂಡಿನೊಳಗೆ ಗುಂಡು ತಿರುಗುವ ಇಮ್ಮಡಿ ಚಲನೆಯ ಕೀಲುಗಳಲ್ಲಿ ಜಾರುವಿಕೆ ಬಹಳ ತಗ್ಗಿದೆ. ಮೂಳೆ ತೆಗೆಸಿಕೊಂಡವರಿಗಿಂತ ಬೇಗ ಕೆಲಸಕ್ಕೆ ಮರಳಬಹುದೆಂಬುದು, ಹೆಬ್ಬೆರಳಿನ ಉದ್ದ ಉಳಿಯುತ್ತದೆಂಬುದು ಇವುಗಳ ಆಕರ್ಷಣೆ.

ಆದರೂ ಮೂವತ್ತೈದರ ವಯಸ್ಸಿನಲ್ಲಿ ಹಾಕಿಸಿಕೊಂಡ ಕೀಲು ಮೂರು, ನಾಲ್ಕು ದಶಕ ಬಾಳಬೇಕು. ಹೊಸ ಮಾದರಿಗಳಿಗೆ ಅಷ್ಟು ದೀರ್ಘ ಅನುಭವದ ಬೆಂಬಲ ಇನ್ನೂ ಇಲ್ಲ. ವಿಫಲವಾದರೆ ಕೀಲನ್ನೂ ಟ್ರಪೀಜಿಯಂ ಅನ್ನೂ ತೆಗೆಯುವ ದಾರಿ ಉಳಿದಿರುತ್ತದೆ ಎಂಬುದಷ್ಟೇ ಸಮಾಧಾನ.

ಚೇತರಿಕೆಯ ಲೆಕ್ಕ

ಈ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವನ್ನು ತೋಳಿಗಷ್ಟೇ ಅರಿವಳಿಕೆ ನೀಡಿ ಮಾಡಬಹುದು. ನಿಜವಾದ ಶ್ರಮ ಆರಂಭವಾಗುವುದು ಅನಂತರ. ವಿಧಾನಕ್ಕೆ ತಕ್ಕಂತೆ ಕೆಲವು ವಾರ ಪಟ್ಟಿ, ಬಳಿಕ ವ್ಯಾಯಾಮ. ಭಾರದ ಕೆಲಸಕ್ಕೆ ಮರಳಲು ಸಾಮಾನ್ಯವಾಗಿ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು. ಇಎಸ್‌ಐ ಯೋಜನೆಯಡಿ ಅನಾರೋಗ್ಯ ಸವಲತ್ತು ವೇತನದ ಶೇ. 70ರಂತೆ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಅಂದರೆ ಕಾರ್ಖಾನೆಯ ನೌಕರ ಇಡೀ ವರ್ಷದ ಸವಲತ್ತನ್ನು ಈ ಒಂದು ಚಿಕಿತ್ಸೆಗೇ ವ್ಯಯಿಸಬೇಕಾಗಬಹುದು. ಯೋಜನೆಯ ವ್ಯಾಪ್ತಿಗೆ ಬಾರದ ದಿನಗೂಲಿಯವರು ಶಸ್ತ್ರಚಿಕಿತ್ಸೆಗೆ ಮುನ್ನವೇ ಈ ಲೆಕ್ಕ ಹಾಕಿಕೊಳ್ಳುವುದು ಒಳಿತು.

ಹೆಬ್ಬೆರಳ ಹಿಂಬದಿಯ ನರಕ್ಕೆ ಪೆಟ್ಟಾಗಿ ಜೋಮು ಉಳಿಯುವುದು, ಸೋಂಕು, ಕೀಲು ಬಿಗಿತ, ದೀರ್ಘಕಾಲದ ಉರಿನೋವು ಇವು ಸಂಭವನೀಯ ತೊಡಕುಗಳು. ಧೂಮಪಾನವು ಮೂಳೆ ಕೂಡಿಕೊಳ್ಳುವುದನ್ನು ತಡೆಯುವುದರಿಂದ ಕೋನ ಬದಲಿಸುವ ಮತ್ತು ಬೆಸೆಯುವ ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ಬಿಡಬೇಕು. ಹೆಬ್ಬೆರಳಿನ ನಡುವಿನ ಕೀಲು ಹಿಂದಕ್ಕೆ ಅತಿಯಾಗಿ ಬಾಗುತ್ತಿದ್ದರೆ ಅದನ್ನೂ ಜತೆಯಲ್ಲೇ ಸರಿಪಡಿಸಬೇಕಾಗುತ್ತದೆ. ಇಲ್ಲವಾದರೆ ಬುಡದಲ್ಲಿ ಮಾಡಿದ ಕೆಲಸ ಹೆಚ್ಚು ದಿನ ನಿಲ್ಲುವುದಿಲ್ಲ.

ವೈದ್ಯರಲ್ಲಿ ಕೇಳಬೇಕಾದ್ದು

ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ನನ್ನ ಕೀಲು ಯಾವ ಹಂತದಲ್ಲಿದೆ? ಕೀಲನ್ನು ಉಳಿಸುವ ವಿಧಾನಗಳಿಗೆ ಇನ್ನೂ ಕಾಲ ಮಿಂಚಿಲ್ಲವೇ? ನನ್ನ ವೃತ್ತಿಗೆ ಶಕ್ತಿ ಮುಖ್ಯವೋ ಚಲನೆ ಮುಖ್ಯವೋ? ಈ ಚಿಕಿತ್ಸೆ ಹತ್ತು ವರ್ಷಗಳ ಬಳಿಕ ಸೋತರೆ ಮುಂದೇನು? ಇಂಥ ಶಸ್ತ್ರಚಿಕಿತ್ಸೆಯಲ್ಲಿ ತಮಗೆಷ್ಟು ಅನುಭವವಿದೆ? ಸಾಧ್ಯವಾದರೆ ಕೈಯ ಶಸ್ತ್ರಚಿಕಿತ್ಸೆಯಲ್ಲೇ ಪರಿಣತಿ ಪಡೆದ ಮೂಳೆ ಅಥವಾ ಪ್ಲಾಸ್ಟಿಕ್ ಶಸ್ತ್ರತಜ್ಞರ ಅಭಿಪ್ರಾಯ ಪಡೆಯುವುದು ಉತ್ತಮ.

ಕೀಲನ್ನು ಉಳಿಸುವ ಅವಕಾಶ ಇರುವುದು ಆರಂಭದ ಹಂತದಲ್ಲಿ ಮಾತ್ರ. ನಲವತ್ತರೊಳಗಿನವರು ಹೆಬ್ಬೆರಳ ಬುಡದ ನೋವನ್ನು ಮೊಬೈಲ್ ಬಳಕೆಯ ಆಯಾಸವೆಂದೋ ಹಳೆಯ ಉಳುಕೆಂದೋ ವರ್ಷಗಟ್ಟಲೆ ಕಡೆಗಣಿಸಿದರೆ ಆ ಅವಕಾಶ ತಾನಾಗಿ ಕೈತಪ್ಪುತ್ತದೆ. ನೋವು ಆರು ವಾರ ಮೀರಿದರೆ ಒಮ್ಮೆ ತಜ್ಞರಿಗೆ ತೋರಿಸಿ, ಎಕ್ಸ್-ರೇ ತೆಗೆಸಿ, ಸ್ಪ್ಲಿಂಟ್ ಮತ್ತು ವ್ಯಾಯಾಮವನ್ನು ಶ್ರದ್ಧೆಯಿಂದ ಆರಂಭಿಸುವುದು ಜಾಣತನ. ದುಡಿಯುವ ಕೈಗೆ ಮುಂದಿನ ದಾರಿಗಳನ್ನು ತೆರೆದಿಡುವ ಮೊದಲ ಹೆಜ್ಜೆ ಅದೇ.